ಬೊಪ್ಪನ ಹಬ್ಬ

“ಗುರುಗಳೇ, ದೊಡ್ಡ ಕುದುರೆ ಓಟದ ದಿನ ನಾಡಿಗೆಲ್ಲ ರಜೆ ಕೊಡುವುದು ಸರಿಯೇ?”

ಕೇಳಿದವನು ಅರಮನೆಯಲ್ಲಿ ಮಂತ್ರಿಯಾಗಿದ್ದ ಶಿಷ್ಯ. ಅರಸನು ಈ ಮಾತನ್ನು ಸಭೆಯಲ್ಲಿ ಎತ್ತಿದ್ದನು. ಕೆಲಸ ಕೆಡುತ್ತದೆ ಎಂದು ಕೆಲವರು ಹೇಳಿದ್ದರು. ದುಡಿಯುವ ಜನಕ್ಕೂ ವರ್ಷದಲ್ಲಿ ಒಂದು ದಿನದ ಸಂತೋಷ ಬೇಡವೇ ಎಂದು ಕೆಲವರು ಕೇಳಿದ್ದರು. ಮರುದಿನ ಕೊನೆಯ ಮಾತನ್ನು ಶಿಷ್ಯನೇ ಹೇಳಬೇಕಾಗಿತ್ತು. ಕೊಡುವುದೇ ಒಳ್ಳೆಯದೆಂದು ಅವನಿಗೆ ತೋರುತ್ತಿತ್ತು. ಗುರುಗಳೂ ಹಾಗೆಯೇ ಅಂದುಬಿಟ್ಟರೆ ನೆಮ್ಮದಿ ಎಂದುಕೊಂಡು ಬಂದಿದ್ದನು.

ಗುರುಗಳು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. “ಕೂತುಕೋ” ಎಂದು ಈ ಕತೆಯನ್ನು ಹೇಳಿದರು.

ಒಂದು ನಾಡಿನಲ್ಲಿ ಅರಸನ ಕುದುರೆ ಲಾಯವನ್ನು ನೋಡಿಕೊಳ್ಳುವ ಮಾಚಣ್ಣ ಎಂಬವನಿದ್ದನು. ಅವನಿಗೆ ಬೊಪ್ಪ ಎಂಬ ತಮ್ಮನಿದ್ದನು. ತಂದೆತಾಯಿ ಬೇಗ ತೀರಿಹೋದ ಕಾರಣ ತಮ್ಮನನ್ನು ಸಾಕಿದವನು, ಕುದುರೆ ಏರಲು ಕಲಿಸಿದವನು, ಮದುವೆ ಮಾಡಿಸಿದವನು ಎಲ್ಲ ಮಾಚಣ್ಣನೇ. ಬೊಪ್ಪ ಅರಸನ ರಾವುತನಾದನು. ಕೆಂಚಿ ಎಂಬ ಹೆಣ್ಣುಕುದುರೆಯನ್ನು ಅವನು ಏರಿದರೆ ಉಳಿದ ಕುದುರೆಗಳು ಹಿಂದೆ ಉಳಿಯುತ್ತಿದ್ದವು.

ಆ ನಾಡಿನಲ್ಲಿ ವರ್ಷಕ್ಕೊಮ್ಮೆ ದೊಡ್ಡ ಓಟ ನಡೆಯುತ್ತಿತ್ತು. ಅದಕ್ಕೆ ಗೊತ್ತಾದ ದಿನವೆಂಬುದು ಇರಲಿಲ್ಲ. ಮಳೆಗಾಲ ಕಳೆದು ಚಳಿ ಹಿಡಿದ ಮೇಲೆ ಒಂದು ಬೆಳಿಗ್ಗೆ ಅರಸನೂ ಅವನ ಪರಿವಾರವೂ ಬಯಲಿಗೆ ಬರುತ್ತಿದ್ದರು. ಮಾಚಣ್ಣ ಬರಿಗಾಲಿನಲ್ಲಿ ಬಯಲನ್ನು ಒಂದು ಸುತ್ತು ನಡೆದು ಬರುತ್ತಿದ್ದನು. ನೆಲ ಹದವಾಗಿದ್ದರೆ ತಲೆಯಾಡಿಸುವನು. ಇಲ್ಲವಾದರೆ “ಇವತ್ತು ಬೇಡ, ಒಡೆಯಾ” ಎನ್ನುವನು. ಅರಸನು ನಕ್ಕು ಅರಮನೆಗೆ ಮರಳುವನು. ಇನ್ನೊಂದು ದಿನ ಬಂದರಾಯಿತು. ಅದರಿಂದ ಯಾರಿಗೂ ಏನೂ ಕೆಡುತ್ತಿರಲಿಲ್ಲ.

ಮಾಚಣ್ಣನಿಗೆ ಒಂದೇ ಕೊರಗು. ತನ್ನ ತಮ್ಮ ಗಾಳಿಯಂತೆ ಹೋಗುವುದನ್ನು ನೋಡುವವರು ಅರಮನೆಯ ನಾಲ್ಕು ಜನ ಮಾತ್ರ. ನೇಕಾರ ಮಗ್ಗದ ಗುಂಡಿಯಲ್ಲಿರುತ್ತಾನೆ, ಕುಂಬಾರ ತಿಗರಿಯ ಮುಂದೆ ಇರುತ್ತಾನೆ. ಒಮ್ಮೆ ಒಬ್ಬ ಗಾಣಿಗ ಎತ್ತನ್ನು ಗಾಣಕ್ಕೇ ಬಿಟ್ಟು ಓಡಿಬಂದು, ಬೇಲಿಯ ಸಂದಿನಲ್ಲಿ ಕಣ್ಣಿಟ್ಟು ಓಟ ನೋಡುತ್ತಿದ್ದನು. ಗಾಣದ ಯಜಮಾನನ ಆಳು ಹಿಂದಿನಿಂದ ಬಂದು ಅವನನ್ನು ಹೊಡೆದು ಎಳೆದುಕೊಂಡು ಹೋದನು. ಗಾಣಿಗ ಹೊಡೆತ ತಿನ್ನುತ್ತಲೇ ತಿರುಗಿ ತಿರುಗಿ ಕುದುರೆಯನ್ನು ನೋಡುತ್ತ ಹೋದನು. ಅದು ಮಾಚಣ್ಣನ ಮನಸ್ಸಿಗೆ ನಾಟಿತು.

ಆ ವರ್ಷ ಕೆಂಚಿ ಪರದೇಶದ ಕುದುರೆಗಳನ್ನೂ ಸೋಲಿಸಿತು. ಅರಸನು ಹಿಗ್ಗಿ, “ಮಾಚಣ್ಣ, ಏನು ಬೇಕೋ ಕೇಳು” ಎಂದನು.

ಮಾಚಣ್ಣ ತನಗಾಗಿ ಏನನ್ನೂ ಕೇಳಲಿಲ್ಲ. “ಒಡೆಯಾ, ಓಟದ ದಿನ ನಾಡಿಗೆಲ್ಲ ರಜೆ ಕೊಡಿ. ಎಲ್ಲರೂ ಬಂದು ನೋಡಲಿ” ಎಂದನು.

ಅರಸನಿಗೆ ಆ ಮಾತು ಬಹಳ ಹಿಡಿಸಿತು. ರಜೆಯೆಂದ ಮೇಲೆ ದಿನ ಗೊತ್ತಾಗಬೇಕು. ದೂರದ ಊರಿನವರು ಮೊದಲೇ ಹೊರಡಬೇಕಲ್ಲ. ಮಾರ್ಗಶಿರ ಶುದ್ಧ ಪಂಚಮಿ ಎಂದು ಗೊತ್ತುಮಾಡಿ ಊರೂರಿಗೆ ಡಂಗುರ ಹೊಡೆಸಿದನು. ಅಂದು ಅಂಗಡಿ ತೆರೆಯಬಾರದು, ಮಗ್ಗ ಆಡಬಾರದು, ಗಾಣ ತಿರುಗಬಾರದು, ಆಳನ್ನು ಯಾರೂ ಕೆಲಸಕ್ಕೆ ಕರೆಯಬಾರದು.

ಮೊದಲ ವರ್ಷ ಬಯಲು ತುಂಬಿತು. ಹುಟ್ಟಿದಾರಭ್ಯ ಮಗ್ಗ ಬಿಟ್ಟು ಏಳದ ಮುದುಕರು ಮೊಮ್ಮಕ್ಕಳನ್ನು ಹೆಗಲ ಮೇಲೆ ಹೊತ್ತು ಬಂದರು. ಬೊಪ್ಪ ಗೆದ್ದಾಗ ಎದ್ದ ಕೂಗು ಊರಾಚೆಗೂ ಕೇಳಿತು. ಆ ಗಾಣಿಗನೂ ಬಂದಿದ್ದನು. ಮಾಚಣ್ಣನ ಕೈಹಿಡಿದು ಅತ್ತನು. ಮಾಚಣ್ಣನಿಗೂ ಕಣ್ಣು ತುಂಬಿತು. ಬದುಕಿನಲ್ಲಿ ತಾನೊಂದು ಒಳ್ಳೆಯ ಕೆಲಸ ಮಾಡಿದೆ ಎನಿಸಿತು. ಅದು ಸುಳ್ಳೇನೂ ಆಗಿರಲಿಲ್ಲ.

ಎರಡನೆಯ ವರ್ಷ ಪಂಚಮಿಗೆ ಮೊದಲು ಅಕಾಲದ ಮಳೆ ಹಿಡಿಯಿತು. ಪಂಚಮಿಯ ಬೆಳಿಗ್ಗೆ ಮೋಡ ಸರಿದು ಬಿಸಿಲೇನೋ ಬಂದಿತು. ಮಾಚಣ್ಣ ಎಂದಿನಂತೆ ಬರಿಗಾಲಿನಲ್ಲಿ ಬಯಲಿಗಿಳಿದನು. ತಿರುವಿನ ಬಳಿ ಹಿಮ್ಮಡಿ ಹೂತುಹೋಯಿತು. ಮೇಲೆ ಹುಲ್ಲು, ಕೆಳಗೆ ಬರೀ ಕೆಸರು. ಅವನು ನೇರವಾಗಿ ಅರಸನ ಬಳಿಗೆ ಹೋದನು.

“ಇವತ್ತು ಬೇಡ, ಒಡೆಯಾ. ತಿರುವಿನಲ್ಲಿ ಕುದುರೆ ನಿಲ್ಲುವುದಿಲ್ಲ.”

ಅರಸನು ಕೆಟ್ಟವನಾಗಿರಲಿಲ್ಲ. ಮಾಚಣ್ಣನನ್ನು ಕೈಹಿಡಿದು ಬಿಡಾರದ ಹೊರಗೆ ಕರೆತಂದು ಬಯಲನ್ನು ತೋರಿಸಿದನು. ಕಣ್ಣು ಹಾಯುವವರೆಗೂ ಜನ. ಮಳೆಯಲ್ಲಿ ನೆನೆದು ನಡೆದುಬಂದವರು, ಒದ್ದೆ ಬಟ್ಟೆಯನ್ನು ಮೈಮೇಲೆಯೇ ಒಣಗಿಸಿಕೊಳ್ಳುತ್ತಿದ್ದವರು, ಬುತ್ತಿ ಬಿಚ್ಚಿ ಮಕ್ಕಳಿಗೆ ತಿನ್ನಿಸುತ್ತಿದ್ದವರು.

“ನಾಳೆ ಇವರೆಲ್ಲ ಕೆಲಸಕ್ಕೆ ಹೋಗಬೇಕು. ಇನ್ನೊಂದು ದಿನ ರಜೆ ಕೊಟ್ಟರೆ ನಾಡು ನಡೆಯುವುದಿಲ್ಲ” ಎಂದನು ಅರಸ. “ಇವರನ್ನು ಬರಿಗೈಯಲ್ಲಿ ಕಳಿಸು ಎನ್ನುತ್ತೀಯ. ನನಗೆ ಬಾಯಿ ಬರುವುದಿಲ್ಲ. ಕರೆಸಿದವನು ನೀನು, ನೀನೇ ಹೋಗಿ ಹೇಳು. ಅವರು ಒಪ್ಪಿದರೆ ನನ್ನದೇನೂ ಅಡ್ಡಿಯಿಲ್ಲ.”

ಮಾಚಣ್ಣ ಹೋದನು. ಜನ ಅವನನ್ನು ದೂರದಿಂದಲೇ ಗುರುತಿಸಿದರು. “ರಜೆ ಕೊಡಿಸಿದ ಪುಣ್ಯಾತ್ಮ ಬಂದ” ಎಂದು ಯಾರೋ ಕೂಗಿದರು. ಅವನು ಬಾಯಿ ತೆರೆಯುವಷ್ಟರಲ್ಲಿ ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಒಬ್ಬ ಹೆಂಗಸು ಕಂಕುಳಿನ ಕೂಸನ್ನು ಅವನ ಕಡೆಗೆ ಚಾಚಿ, “ಅಣ್ಣಾ, ಒಂದು ಸಲ ಮುಟ್ಟು. ಹೆರಿಗೆಯಾದಾಗಲೂ ನನಗೆ ಒಂದು ದಿನ ಬಿಡುವು ಸಿಗಲಿಲ್ಲ, ನಿನ್ನಿಂದ ಸಿಕ್ಕಿತು” ಎಂದಳು.

ಹೇಳಬೇಕಾದ ಮಾತು ಮಾಚಣ್ಣನ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಈ ಮುಖಗಳು ಹೇಗಾಗುತ್ತವೆ ಎಂಬುದೂ ಕಣ್ಣಿಗೆ ಕಟ್ಟಿತು. ಅವನು ಕೂಸಿನ ತಲೆಯನ್ನು ಮುಟ್ಟಿದನು. ಕೆಳಗಿಳಿದನು. ಏನನ್ನೂ ಹೇಳದೆ ಲಾಯಕ್ಕೆ ಮರಳಿದನು.

ಬೊಪ್ಪ ಕೆಂಚಿಗೆ ಜೀನು ಬಿಗಿಯುತ್ತಿದ್ದನು. ಮಾಚಣ್ಣ ಅವನ ಕೈಹಿಡಿದು, “ತಿರುವಿನಲ್ಲಿ ಲಗಾಮು ಎಳೆ. ಸೋತರೂ ಚಿಂತೆಯಿಲ್ಲ, ಮೆಲ್ಲಗೆ ಹೋಗು” ಎಂದನು.

ಬೊಪ್ಪ ಅಣ್ಣನ ಮುಖ ನೋಡಿ ನಕ್ಕನು. “ಇಷ್ಟು ಜನರನ್ನು ಕರೆಸಿಟ್ಟು ಈಗ ಮೆಲ್ಲಗೆ ಹೋಗು ಅನ್ನುತ್ತೀಯಲ್ಲ ಅಣ್ಣ. ಅವರು ಬಂದಿರುವುದು ಅದನ್ನು ನೋಡುವುದಕ್ಕೆಯೇ?”

ಓಟ ಶುರುವಾಯಿತು. ಕೆಂಚಿ ಮುಂದಿತ್ತು. ತಿರುವು ಬಂದಾಗ ಬೊಪ್ಪ ಲಗಾಮನ್ನು ಎಳೆದನೋ ಇಲ್ಲವೋ ಯಾರಿಗೂ ಕಾಣಲಿಲ್ಲ. ಕೆಂಚಿಯ ಮುಂಗಾಲು ಜಾರಿತು. ಕುದುರೆಯೂ ಸವಾರನೂ ಒಟ್ಟಿಗೆ ಬಿದ್ದರು. ಹಿಂದಿನ ಕುದುರೆಗಳಿಗೆ ನಿಲ್ಲಲು ಎಡೆಯಿರಲಿಲ್ಲ. ಅವು ಬೊಪ್ಪನ ಮೇಲೆಯೇ ಹಾದುಹೋದವು. ದೂರದಲ್ಲಿದ್ದ ಜನಕ್ಕೆ ನಡೆದದ್ದು ತಿಳಿಯಲಿಲ್ಲ. ಅವರು ಕೇಕೆ ಹಾಕುತ್ತಲೇ ಇದ್ದರು.

ಮಾಚಣ್ಣ ಓಡಿಹೋಗುವಷ್ಟರಲ್ಲಿ ಬೊಪ್ಪನ ಉಸಿರು ನಿಂತಿತ್ತು. ಕೆಂಚಿಗೆ ಉಸಿರಿತ್ತು, ಕಾಲು ಮುರಿದು ನೇತಾಡುತ್ತಿತ್ತು. ಅಂಥ ಕುದುರೆಗೆ ಮಾಡುವ ಉಪಕಾರ ಒಂದೇ, ಅದರ ನೋವನ್ನು ಮುಗಿಸುವುದು. ಅದನ್ನು ಮಾಡಬೇಕಾದವನು ಲಾಯದ ಹಿರಿಯ. ಮಾಚಣ್ಣ ಕೆಂಚಿಯ ಕಣ್ಣಿನ ಮೇಲೆ ಒಂದು ಕೈಯಿಟ್ಟು ಇನ್ನೊಂದು ಕೈಯಿಂದ ಅದನ್ನು ಮಾಡಿದನು. ಆಮೇಲೆ ತಮ್ಮನನ್ನು ಎತ್ತಿಕೊಂಡು ಮನೆಗೆ ನಡೆದನು.

ಬೊಪ್ಪನ ಹೆಂಡತಿ ಹೊನ್ನವ್ವ ಗಂಡನ ಹೆಣವನ್ನು ಜಗಲಿಯ ಮೇಲೆ ಕಂಡಳು. ಅವಳು ಅತ್ತು ಮುಗಿಸುವ ಮೊದಲೇ ಬಯಲಿನ ಕಡೆಯಿಂದ ಮತ್ತೆ ಕೂಗು ಕೇಳಿಸಿತು. ದಿನ ಇನ್ನೂ ಉಳಿದಿತ್ತು, ಜನ ಹೋಗಿರಲಿಲ್ಲ. ಎರಡನೆಯ ಓಟ ಬಿಟ್ಟಿದ್ದರು.

ಮಾಚಣ್ಣ ಸೌದೆಗೆಂದು ಹೋದನು. ಸೌದೆ ಮಾರುವವನ ಬಾಗಿಲು ಹಾಕಿತ್ತು. ಚಟ್ಟ ಕಟ್ಟುವವರು ಬಯಲಿನಲ್ಲಿದ್ದರು. ಸುಡುಗಾಡು ಕಾಯುವವನೂ ಹೆಂಡಿರುಮಕ್ಕಳನ್ನು ಕರೆದುಕೊಂಡು ಓಟಕ್ಕೆ ಹೋಗಿದ್ದನು. ಬೀದಿಯಲ್ಲಿ ಕರೆಯಲು ಒಂದು ನರಪಿಳ್ಳೆಯೂ ಇರಲಿಲ್ಲ. ಇವರಿಗೆಲ್ಲ ರಜೆ ಬೇಕೆಂದು ಬೇಡಿದವನು ತಾನೇ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಬರಿಗೈಯಲ್ಲಿ ಮರಳಿ ಬಂದು ಹೆಣದ ಬಳಿ ಕುಳಿತನು. ಮರುದಿನ ಅಂಗಡಿ ತೆರೆದ ಮೇಲೆಯೇ ಬೊಪ್ಪನಿಗೆ ಬೆಂಕಿ ಸಿಕ್ಕಿದ್ದು.

ಅರಸನು ನಿಜವಾಗಿಯೂ ನೊಂದಿದ್ದನು. ಕಾಲುನಡಿಗೆಯಲ್ಲಿ ಮಾಚಣ್ಣನ ಮನೆಗೆ ಬಂದು ನೆಲದ ಮೇಲೆ ಕುಳಿತನು. “ನಿನ್ನ ತಮ್ಮನ ಹೆಸರು ಅಳಿಯಬಾರದು. ಇನ್ನು ಮುಂದೆ ಮಾರ್ಗಶಿರ ಪಂಚಮಿಗೆ ಬೊಪ್ಪನ ಹಬ್ಬ ಎಂದೇ ಹೆಸರು. ನನ್ನ ವಂಶ ಇರುವವರೆಗೂ ಅದು ನಡೆಯುತ್ತದೆ” ಎಂದನು.

ಮಾಚಣ್ಣ ಅವನ ಕಾಲು ಹಿಡಿದುಕೊಂಡನು. “ಹೆಸರು ಬೇಡ ಒಡೆಯಾ. ಆ ರಜೆಯನ್ನೇ ತೆಗೆದುಬಿಡಿ. ಓಟ ಮೊದಲಿನಂತೆಯೇ ನಡೆಯಲಿ.”

ಅರಸನು ಅವನನ್ನು ಹಿಡಿದೆತ್ತಿದನು. “ಕೊಡುವ ಮೊದಲು ಅದು ನನ್ನದಾಗಿತ್ತು ಮಾಚಣ್ಣ. ಈಗ ಅದು ಅವರದು. ಕಿತ್ತುಕೊಂಡರೆ ನನ್ನನ್ನು ಉಳಿಸುತ್ತಾರೆಯೇ?” ಎಂದು ಹೇಳಿ ಎದ್ದುಹೋದನು.

ವರ್ಷ ತುಂಬಿತು. ಬೊಪ್ಪನ ತಿಥಿ ಬಂದಿತು. ಓಟವೂ ಅದೇ ದಿನ. ಹೊನ್ನವ್ವ ಹಿಂದಿನ ದಿನವೇ ಎಲ್ಲವನ್ನೂ ತಂದಿಟ್ಟುಕೊಂಡಿದ್ದಳು. ಆದರೆ ಬರುತ್ತೇನೆಂದ ಪುರೋಹಿತ ಬರಲಿಲ್ಲ. ಬಯಲಿನಲ್ಲಿ ಕುದುರೆಗಳಿಗೆ ಪೂಜೆ ಮಾಡಲು ಅವನನ್ನು ಕರೆದೊಯ್ದಿದ್ದರು. ಎಲೆ ಹಾಕಿ ಕಾದು ಕುಳಿತಿದ್ದಾಗ ಬೀದಿಯಲ್ಲಿ ಹಲಗೆಯ ಸದ್ದು ಕೇಳಿಸಿತು. ಹೊಸ ಬಟ್ಟೆ ಉಟ್ಟ ಜನ ಬೊಪ್ಪನ ಹೆಸರು ಹೇಳಿ ಕುಣಿಯುತ್ತ ಬಾಗಿಲಿಗೇ ಬಂದರು. “ಮಾಚಣ್ಣ, ಬಾ! ನಿನ್ನ ತಮ್ಮನ ಹಬ್ಬಕ್ಕೆ ನೀನಿಲ್ಲದಿದ್ದರೆ ಹೇಗೆ?” ಎಂದು ಕರೆದರು. ಅವರಲ್ಲಿ ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ.

ಹೊನ್ನವ್ವ ಒಳಗಿನಿಂದಲೇ, “ಭಾವ, ಬಾಗಿಲು ಹಾಕಿಬಿಡಿ” ಎಂದಳು.

ಮಾಚಣ್ಣ ಬಾಗಿಲು ಹಾಕಿದನು.

ಅವನು ಮತ್ತೆ ಬಯಲಿಗಿಳಿಯಲಿಲ್ಲ. ಓಟಕ್ಕೆ ಮುಂಚೆ ಬಯಲನ್ನು ನಡೆದು ನೋಡುವ ಕೆಲಸಕ್ಕೆ ಅವನ ಬದಲು ಬೇರೆ ಯಾರನ್ನೂ ನೇಮಿಸಲಿಲ್ಲ. ನೆಲ ಹೇಗಿದ್ದರೂ ಓಟ ನಡೆಯಲೇಬೇಕಾದ ಮೇಲೆ ಅದನ್ನು ನೋಡಿ ಏನಾಗಬೇಕು? ಮುಂದಿನ ವರ್ಷಗಳಲ್ಲಿ ಕೆಲವು ಸಲ ನೆಲ ಗಟ್ಟಿಯಾಗಿತ್ತು, ಕೆಲವು ಸಲ ಇರಲಿಲ್ಲ. ಬೇರೆ ರಾವುತರು ಬಿದ್ದರು, ಬೇರೆ ಕುದುರೆಗಳು ಬಿದ್ದವು. ಮೊದಮೊದಲು ಜನ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬರಬರುತ್ತ ತಿರುವಿನ ಬಳಿ ಜಾಗ ಹಿಡಿಯಲು ನಸುಕಿನಲ್ಲೇ ಬರತೊಡಗಿದರು. ಯಾರೂ ಬೀಳದ ವರ್ಷ, ಈ ಸಲ ಹಬ್ಬ ಸಪ್ಪೆಯಾಯಿತು ಎಂದುಕೊಂಡು ಮನೆಗೆ ಹೋಗುತ್ತಿದ್ದರು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನು ಯೋಚಿಸಿದನು. ಅವನು ಬುದ್ಧಿವಂತ. ಇದಕ್ಕೊಂದು ದಾರಿ ಹೊಳೆಯಿತು.

“ತಿಳಿಯಿತು ಗುರುಗಳೇ. ರಜೆ ಕೊಡೋಣ, ಆದರೆ ಒಂದು ಕಟ್ಟು ಹಾಕೋಣ. ನೆಲ ಹದವಾಗಿಲ್ಲದಿದ್ದರೆ ಆ ವರ್ಷ ಓಟವಿಲ್ಲ ಎಂದು ಡಂಗುರದಲ್ಲಿ ಮೊದಲೇ ಸಾರಿಬಿಟ್ಟರೆ ಆಯಿತು. ನಾಳೆ ಅರಸನಿಗೆ ಹಾಗೆಯೇ ಹೇಳುತ್ತೇನೆ.”

“ಹಾಗೆಯೇ ಹೇಳು,” ಎಂದರು ಗುರುಗಳು, “ಅಂಥ ದಿನ ತುಂಬಿದ ಬಯಲಿನ ನಡುವೆ ನಿಂತು ಆ ಮಾತನ್ನು ತಿಳಿಸುವವನ ಹೆಸರನ್ನೂ ಜೊತೆಗೇ ಹೇಳಿಬಿಡು.”