ಮೆಲಿತಾಳ ಸಿಪಾಯಿ

ಹಳೆಯ ಗ್ರೀಕರ ಒಂದು ದ್ವೀಪದಲ್ಲಿ, ಕಡಲ ದಡದ ಆಶ್ರಮದಲ್ಲಿ, ನಿಕರೆತೆ ಎಂಬ ಮುದುಕಿ ಹೆಂಗಸರಿಗೆ ಹಾಡು ಕಟ್ಟುವುದನ್ನು ಕಲಿಸುತ್ತಿದ್ದಳು. ಶಿಷ್ಯೆ ಯಾರಾದರೂ ಮದುವೆಗೆಂದು ಹೊರಟರೆ, ಅವಳಿಗೆ ತೀರ ಹತ್ತಿರದವಳು ದೋಣಿಯ ಬಳಿ ನಿಂತು ಸ್ವಂತ ಹಾಡು ಹಾಡಬೇಕು. ಅದು ಅಲ್ಲಿನ ಪದ್ಧತಿ.

ಈ ಸಲ ಹೊರಟವಳು ರೋದಿಯಾ. ಹಾಡಬೇಕಾದವಳು ಮೆಲಿತಾ.

ಮೆಲಿತಾ ಮೇಣದ ಹಲಗೆಯ ಮೇಲೆ ಹಾಡು ಗೀಚಿ ನಿಕರೆತೆಗೆ ತಂದು ತೋರಿಸಿದಳು. ಹಾಡಿನಲ್ಲಿ ಒಬ್ಬ ಸಿಪಾಯಿ ರೋದಿಯಾಳಿಗಾಗಿ ಅಳುತ್ತಿದ್ದ.

“ಯಾರಿವನು?”

“ಯಾರೋ ಒಬ್ಬ, ತಾಯಿ.”

ನಿಕರೆತೆ ಹೆಬ್ಬೆರಳಿನಿಂದ ಮೇಣ ತಿಕ್ಕಿ ಎಲ್ಲವನ್ನೂ ಅಳಿಸಿದಳು.

ಮರುದಿನ ಹಾಡಿಗೆ ಕುರುಬನೊಬ್ಬ ಬಂದ. ಆಮೇಲೆ ಸಾಕ್ಷಾತ್ ದೇವರೇ ಇಳಿದು ಬಂದ. ಹೊರಡುವ ದಿನ ಬೆಳಿಗ್ಗೆ ಮತ್ತೆ ಅದೇ ಸಿಪಾಯಿ ಹಾಜರಾದ. ಮುದುಕಿಗೆ ತಲೆ ಚಿಟ್ಟು ಹಿಡಿಯಿತು.

“ಈ ಗಂಡಸರನ್ನೆಲ್ಲ ಎಲ್ಲಿಂದ ಹಿಡ್ಕೊಂಡು ಬರ್ತೀಯೇ? ಹೆಣ್ಣು ಹೆಣ್ಣಿಗೆ ಸೋತು ಹಾಡೋದು ನಮ್ಮಜ್ಜಿ ಕಾಲದಿಂದ ಇದೆ. ಹಬ್ಬದ ದಿನ ನೀನೂ ಹಾಡಿದ್ದೀಯ.”

“ಹಬ್ಬದಲ್ಲಿ ಎಲ್ಲರೂ ಸೇರಿ ಹಾಡ್ತೀವಿ. ಯಾರ ಪ್ರೀತಿ ಅಂತ ಯಾರೂ ಕೇಳಲ್ಲ. ಒಬ್ಬಳೇ ನಿಂತ್ರೆ ಅದು ನಂದು ಅಂತ ಗೊತ್ತಾಗುತ್ತೆ. ರೋದಿಯಾ ನನ್ನನ್ನ ಬರೀ ಗೆಳತಿ ಅಂದ್ಕೊಂಡಿದ್ದಾಳೆ. ಕೇಳಿ ಮುಖ ತಿರುಗಿಸಿಕೊಂಡ್ರೆ?”

ನಿಕರೆತೆ ಈ ಸಲ ಅಳಿಸಲಿಲ್ಲ. ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು ದಡಕ್ಕೆ ಹೋದಳು. ಅಲ್ಲಿ ಕಾವಲಿಗೆ ದೋರ್ಕಾನ್ ಎಂಬ ಮುದಿ ಸಿಪಾಯಿಯಿದ್ದ. ಅವನ ಕೈಗೆ ಹಲಗೆ ತುರುಕಿದಳು.

“ಇದು ಸಿಪಾಯಿ ಹಾಡಂತೆ. ಹಾಡಪ್ಪ.”

ರೋದಿಯಾ ದೋಣಿ ಹತ್ತಿ ಕೂತಿದ್ದಳು. ದೋರ್ಕಾನ್ ಕೆಮ್ಮಿ, ಅಕ್ಷರ ಕೂಡಿಸಿಕೊಳ್ಳುತ್ತಾ, ಒರಟು ದನಿಯಲ್ಲಿ ಶುರುಮಾಡಿದ. ನಿನ್ನ ಚಿನ್ನದ ಕೂದಲು, ನಿನ್ನ ಇಂಪಾದ ಕಂಠ, ನಿನ್ನ ಮೆಲು ನಡಿಗೆ ಎಂದೆಲ್ಲ ಹಾಡಿದ. ರೋದಿಯಾಳ ಕೂದಲು ಕಾಡಿಗೆ ಕಪ್ಪು, ದನಿ ಗೊಗ್ಗರು. ಅವಳು ನಡೆದರೆ ಅಡುಗೆಮನೆಯ ಮಡಕೆಗಳು ಉಳಿಯುತ್ತಿರಲಿಲ್ಲ.

ದೋಣಿಯವರು ಮುಸಿಮುಸಿ ನಕ್ಕರು. ರೋದಿಯಾ ನಗಲಿಲ್ಲ. ಅವಳ ಕಣ್ಣು ಗುಂಪಿನಲ್ಲಿ ಮೆಲಿತಾಳನ್ನು ಹುಡುಕುತ್ತಿತ್ತು. ಅಂಬಿಗ ಹಗ್ಗ ಬಿಚ್ಚತೊಡಗಿದ.

“ನಂಗೋಸ್ಕರ ಹಾಡೋರು ಇಲ್ಲಿ ಬೇರೆ ಯಾರೂ ಇರ್ಲಿಲ್ವಾ?” ಎಂದು ರೋದಿಯಾ ಕೇಳಿದಳು.

ಮೆಲಿತಾಳಿಗೆ ತಡೆಯಲಾಗಲಿಲ್ಲ. ದೋರ್ಕಾನನ ಕೈಯಿಂದ ಹಲಗೆ ಕಿತ್ತೆಸೆದು, ಮಂಡಿಯುದ್ದದ ನೀರಿಗೆ ಇಳಿದು ದೋಣಿಯ ಅಂಚನ್ನು ಹಿಡಿದಳು.

“ನಾನಿದ್ದೀನಿ” ಎಂದಳು.

ಆಮೇಲೆ ದಡದ ಕಡೆ ತಿರುಗಿದಳು.

“ತಾಯಿ, ನನ್ನ ಹತ್ರ ಬೇರೆ ಹಾಡೇ ಇಲ್ಲ.”

ನಿಕರೆತೆ ಹಣೆ ಚಚ್ಚಿಕೊಂಡಳು.

“ಹಾಡು ಯಾರಿಗೆ ಬೇಕಿತ್ತು? ಆ ಸಿಪಾಯಿ ಅವಳ ವಿಷಯದಲ್ಲಿ ಹೇಳಿದ್ದರಲ್ಲಿ ಏನೇನು ಸುಳ್ಳೋ, ಅಷ್ಟನ್ನ ತಿದ್ದಿ ಹೇಳು.”