ದಿ ಅಂದರೆ ದಿವಂಗತ

“ಬುದ್ಧಿ, ಒಂದೇ ಮಾತನ್ನು ಮತ್ತೆ ಮತ್ತೆ ಟೈಪು ಮಾಡುವ ಬದಲು ಅದಕ್ಕೊಂದು ಚಿಕ್ಕ ಸಂಕೇತ ಇಟ್ಟುಕೊಂಡರೆ ತಪ್ಪೇನು? ಆ ಅಕ್ಷರಕ್ಕೆ ಮೊದಲೇ ಬೇರೆ ಅರ್ಥವಿದ್ದರೂ ಇರಲಿ, ನಾನು ಹೊಸದನ್ನು ಕೊಟ್ಟ ಕೂಡಲೇ ಹಳೆಯದು ತಾನಾಗಿ ಹೋಗುತ್ತದಲ್ಲ?”

ಕೇಳಿದವನು ಪಂಚಾಕ್ಷರಿ. ಮಠದ ಪುಸ್ತಕವನ್ನು ಕಂಪ್ಯೂಟರಿನಲ್ಲಿ ಅಚ್ಚಿಗೆ ಸಿದ್ಧಮಾಡುತ್ತಿದ್ದ ಶಿಷ್ಯ. ಎರಡಕ್ಷರ ಒತ್ತಿದರೆ ಇಡೀ ಸಾಲು ತಾನೇ ಮೂಡುವಂತೆ ಸಂಕೇತ ಕಟ್ಟುವುದರಲ್ಲೇ ಅವನ ಎರಡು ತಿಂಗಳು ಕಳೆದಿತ್ತು. ಗುರುಗಳ ಕೈಯಲ್ಲಿ ಮೂರನೆಯ ಕರಡು ಇತ್ತು.

“ತಪ್ಪೇನು ಅಂತ ಕೇಳುತ್ತೀಯಲ್ಲಯ್ಯಾ! ಮೊದಲು ‘ಸಂ’ ಅಂದರೆ ಸಂಪಾದಕರು ಅಂದೆ. ಆಮೇಲೆ ಅದೇ ‘ಸಂ’ ಅನ್ನು ಸಂಸ್ಥಾಪಕರು ಮಾಡಿದೆ. ಈಗ ನೋಡು, ಪುಸ್ತಕ ತಿದ್ದಿಕೊಟ್ಟ ಪಾಪದ ಮೇಷ್ಟ್ರು ಈ ಮಠವನ್ನೇ ಸ್ಥಾಪಿಸಿಬಿಟ್ಟಿದ್ದಾರೆ. ಮೂರು ಸಲ ತಿದ್ದಿ ನನಗೂ ಸಾಕಾಗಿದೆ. ಕೂತುಕೋ. ಆ ಕಂಪ್ಯೂಟರ್ ಪೆಟ್ಟಿಗೆಯನ್ನು ಆಫ್ ಮಾಡಿ ಕೂತುಕೋ.”

ಪಂಚಾಕ್ಷರಿ ಕೂತ. ಗುರುಗಳು ಹೇಳಿದರು.

ಒಂದೂರಿನಲ್ಲಿ ಒಬ್ಬ ಅಚ್ಚುಕೂಟದ ಯಜಮಾನನಿದ್ದ. ಸೀಸದ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಜೋಡಿಸುತ್ತಿದ್ದ ಕಾಲ. ಮದುವೆ ಕಾರ್ಡು, ತಿಥಿ ಕಾರ್ಡು ಅವನ ಕಸುಬು. ಎಲ್ಲ ಕಾರ್ಡಿನಲ್ಲೂ ಬರುವ ಮಾತು ಒಂದೇ, ಅದನ್ನು ದಿನಾ ಜೋಡಿಸುವುದೇಕೆ ಅಂತ ಅವನಿಗೆ ಹೊಳೆಯಿತು. ‘ಸಕುಟುಂಬ ಪರಿವಾರ ಸಮೇತರಾಗಿ’ ಅನ್ನುವುದನ್ನು ಒಂದು ಸಲ ಜೋಡಿಸಿ, ದಾರದಿಂದ ಬಿಗಿದು, ಒಂದು ಗೂಡಿನಲ್ಲಿಟ್ಟು, ಮೇಲೆ ‘ಸ’ ಅಂತ ಬರೆದ. ಕಾಗದದಲ್ಲಿ ‘ಸ’ ಕಂಡರೆ ಆ ಕಟ್ಟು ತಂದಿಟ್ಟರೆ ಆಯಿತು. ಜಾಣತನವೇ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಒಂದು ಗೂಡಿಗೆ ಸುಮ್ಮನಾಗಬೇಕಲ್ಲ? ಗೋಡೆ ತುಂಬ ಗೂಡು ಮಾಡಿದ.

ತಿಥಿ ಕಾರ್ಡಿಗೆಂದು ‘ದಿವಂಗತ’ ಅನ್ನುವ ಕಟ್ಟು ಮಾಡಿ ‘ದಿ’ ಅಂತ ಹೆಸರಿಟ್ಟ. ಮೊಳೆ ಜೋಡಿಸುವ ಕೆಲಸಗಾರ ತಲೆ ಕೆರೆದುಕೊಂಡ.

“ಯಜಮಾನರೇ, ದಿನಾಂಕಕ್ಕೂ ಜನ ‘ದಿ’ ಅಂತಲೇ ಬರೆಯುತ್ತಾರಲ್ಲ?”

“ಅದಕ್ಕೆ ‘ನಾ’ ಅಂತ ಇಡು. ನಮ್ಮ ಅಚ್ಚುಕೂಟದಲ್ಲಿ ದಿ ಅಂದರೆ ದಿವಂಗತ. ಮುಗಿಯಿತು. ಅಧಿಕಪ್ರಸಂಗ ಬೇಡ.”

ಕೆಲಸಗಾರ ಆವತ್ತಿನಿಂದ ಏನನ್ನೂ ಕೇಳಲಿಲ್ಲ. ಕೇಳುವವನ ಬಾಯಿ ಮುಚ್ಚಿಸುವುದು ಎಷ್ಟು ಸುಲಭ ನೋಡು!

ಒಂದು ದಿನ ಒಬ್ಬ ಕುಂಬಾರ ಬಂದ. ಇದ್ದ ಒಬ್ಬಳೇ ಮಗಳ ಮದುವೆ. ಊರಿನವರನ್ನು ಬಾಯಲ್ಲೇ ಕರೆದಿದ್ದ. ಕಾರ್ಡು ಬೇಕಿದ್ದದ್ದು ದೂರದಲ್ಲಿದ್ದ ಗಂಡಿನ ಕಡೆಯವರಿಗೆ. ಅವನಿಗೆ ಓದು ಬಾರದು. ಒಕ್ಕಣೆಯನ್ನು ಶಾಲೆಯ ಮೇಷ್ಟ್ರ ಕೈಲಿ ಬರೆಸಿ ತಂದಿದ್ದ. ಕುಂಬಾರನ ಹೆಸರು ಕೆಂಚಪ್ಪ, ಊರು ದಿಣ್ಣೆಹಳ್ಳಿ. ಹೆಸರಿಗೆ ಮೊದಲು ಊರಿನ ಮೊದಲಕ್ಷರ ಹಾಕುವುದು ನಮ್ಮ ಕಡೆಯ ರೂಢಿ ತಾನೇ? ಮೇಷ್ಟ್ರು ‘ದಿ. ಕೆಂಚಪ್ಪನವರ ಪುತ್ರಿ’ ಅಂತ ಬರೆದಿದ್ದರು.

ಕೆಲಸಗಾರ ‘ದಿ’ ನೋಡಿದ. ಗೂಡಿಗೆ ಕೈ ಹಾಕಿದ. ಕಟ್ಟು ಇಟ್ಟ.

ಕಾರ್ಡು ಅಚ್ಚಾಯಿತು. ಕುಂಬಾರ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ತಾನೇ ಕೈಯಾರೆ ಅಂಚೆಗೆ ಹಾಕಿ ಬಂದ.

ಮುಹೂರ್ತದ ದಿನ ಬಂತು. ಚಪ್ಪರ ಹಾಕಿದ್ದರು, ಅಡುಗೆ ಆಗಿತ್ತು, ಹುಡುಗಿ ಅರಿಶಿನ ಹಚ್ಚಿಕೊಂಡು ಒಳಗೆ ಕೂತಿದ್ದಳು. ದಿಬ್ಬಣ ಬರಲಿಲ್ಲ. ಮುಹೂರ್ತ ಮೀರಿತು. ಮಧ್ಯಾಹ್ನ ಗಂಡಿನ ಕಡೆಯ ಹಿರಿಯರೊಬ್ಬರು ಒಬ್ಬರೇ ನಡೆದು ಬಂದರು. ಕೆಂಚಪ್ಪನ ವಿಧವೆಗೆ ಸಮಾಧಾನ ಹೇಳಿ ಹೋಗಲು ಬಂದಿದ್ದರು. ಅವರಿಗೆ ಕಾಲು ತೊಳೆಯಲು ನೀರು ತಂದುಕೊಟ್ಟವನು ಕುಂಬಾರನೇ.

ಆ ಹಿರಿಯರ ಕೈಯಿಂದ ಚೊಂಬು ಜಾರಿತು. “ನಿಶ್ಚಿತಾರ್ಥಕ್ಕೆ ಗಟ್ಟಿಯಾಗಿದ್ದವರು ತಿಂಗಳೊಳಗೆ ಹೋಗಿಬಿಟ್ಟರು ಅಂತ ಕಾರ್ಡು ನೋಡಿ ತಿಳಿಯಿತು. ಅಪ್ಪನ ಸೂತಕ ಕಳೆಯುವ ಮುಂಚೆ ಮಗಳ ಮದುವೆ ಮಾಡುತ್ತಾರಲ್ಲ, ಇವರೆಂಥ ಜನ ಅಂತ ನಮ್ಮವರು...” ಗಂಡಿಗೆ ಆಗಲೇ ಸೋದರಮಾವನ ಮಗಳನ್ನು ಗೊತ್ತುಮಾಡಿ ತಾಂಬೂಲ ಬದಲಾಯಿಸಿ ಆಗಿತ್ತು.

ಕುಂಬಾರ ಆ ಕಾರ್ಡನ್ನು ಹಿಡಿದುಕೊಂಡು ನೇರ ಅಚ್ಚುಕೂಟಕ್ಕೆ ಹೋದ.

“ಸ್ವಾಮಿ, ನಾನು ಯಾವತ್ತು ಸತ್ತೆ?”

ಯಜಮಾನ ಕಾರ್ಡು ನೋಡಿದ, ಮೇಷ್ಟ್ರ ಕಾಗದ ತೆಗೆಸಿ ನೋಡಿದ, ಗೂಡನ್ನು ತೋರಿಸಿದ. ಆ ಪುಣ್ಯಾತ್ಮನಿಗೆ ಆಗಲೂ ನಾಚಿಕೆಯಾಗಲಿಲ್ಲ. “ನೀನು ಬರೆಸಿ ತಂದದ್ದು ದಿ. ನಮ್ಮಲ್ಲಿ ದಿ ಅಂದರೆ ದಿವಂಗತ. ಅಲ್ಲೇ ಬರೆದಿದೆ ನೋಡು. ನಮ್ಮದೇನೂ ತಪ್ಪಿಲ್ಲವಲ್ಲಪ್ಪ.”

“ಇರಬಹುದು ಸ್ವಾಮಿ. ನನಗೆ ಓದು ಬಾರದು. ನನ್ನ ಮಗಳು ಇನ್ನೂ ಅರಿಶಿನದಲ್ಲೇ ಕೂತಿದ್ದಾಳೆ. ಈ ಮಾತನ್ನು ನೀವೇ ಬಂದು ಅವಳಿಗೆ ಹೇಳಿ.”

ಗುರುಗಳು ಇಷ್ಟು ಹೇಳಿ, ಕರಡನ್ನು ಪಂಚಾಕ್ಷರಿಯ ಮುಂದೆ ನೂಕಿದರು.

ಅವನು ತಲೆ ತಗ್ಗಿಸಿಯೇ ಕೇಳಿದ. “ಹಾಗಾದರೆ ಸಂಕೇತಗಳನ್ನೆಲ್ಲ ತೆಗೆದುಬಿಡಲೇ ಬುದ್ಧಿ?”

“ಬೇಕಾದಷ್ಟು ಮಾಡಿಕೋ ಕಣಪ್ಪ. ಆದರೆ ಹೆಸರಿಡುವ ಮುಂಚೆ, ಆ ಹೆಸರಿನಲ್ಲಿ ಯಾರಾದರೂ ಬದುಕಿದ್ದಾರೆಯೇ ಅಂತ ಒಂದು ಸಲ ಕೇಳು.”