ಸಿಹಿಕುರ್ವೆಯ ಬಿದಿರು ಕೋಲು

ಒಂದಾನೊಂದು ಕಾಲದಲ್ಲಿ, ನನ್ನ ಅಜ್ಜಿಯ ಅಜ್ಜಿಗೂ ಹಾಲುಹಲ್ಲು ಬಂದಿರದ ಕಾಲದಲ್ಲಿ ಅಂತಿಟ್ಕೋ, ಸಮುದ್ರದ ನಡುವೆ ಸಿಹಿಕುರ್ವೆ ಅಂತ ಒಂದು ದ್ವೀಪ ಇತ್ತಂತೆ. ಕಾಲು ಝಾಡಿಸ್ಬೇಡ ಪುಟ್ಟೀ, ಹೊದಿಕೆ ಎಳ್ಕೋ, ಹಾಂ. ಆ ದ್ವೀಪದಲ್ಲಿ ಮೂವತ್ತು ಮನೆ, ಎಲ್ಲಾ ಮೀನು ಹಿಡಿಯೋರದ್ದೇ. ಅದರಲ್ಲೊಂದು ಮನೇಲಿ ಜಟ್ಟಿ, ಅವನ ಹೆಂಡತಿ ಮಂಕಾಳಿ, ಅವರ ಮೂರು ಹೆಣ್ಣುಮಕ್ಕಳು, ಮತ್ತೆ ಜಟ್ಟಿಯ ತಮ್ಮ ಈರ ಇದ್ರಂತೆ. ದೊಡ್ಡ ಮಗಳು ಬಾಗಿ, ನಡುವಿನವಳು ಸುಬ್ಬಿ, ಕಿರಿಯವಳು ಹೂವಿ. ಈರ ಚಿಕ್ಕಪ್ಪ ಅಂದ್ರೆ ಮೂವರಿಗೂ ಪ್ರಾಣ, ಯಾಕಂದ್ರೆ ಅವನು ಮಾತಾಡೋದಕ್ಕಿಂತ ಹಾಡೋದೇ ಹೆಚ್ಚಂತೆ, ಅದೂ ಅಪಸ್ವರದಲ್ಲಿ.

ಆ ದ್ವೀಪದಲ್ಲಿ ನೋಡೋಕೆ ಮೂರು ಚೆಂದದ ಜಾಗ ಇದ್ವಂತೆ. ಒಂದು, ಸುರಗಿ ಮರದ ಬುಡದಲ್ಲಿ ಉಕ್ಕೋ ಸಿಹಿನೀರಿನ ಬುಗ್ಗೆ. ಸುತ್ತ ಎಲ್ಲಾ ಉಪ್ಪು, ನಡುವೆ ಅದೊಂದೇ ಎಳನೀರಿನ ಹಾಗೆ. ಇನ್ನೊಂದು, ಅಕ್ಕಿಹಿಟ್ಟು ಚೆಲ್ಲಿದ ಹಾಗಿರೋ ಬಿಳಿ ಮರಳ ದಂಡೆ. ಮತ್ತೊಂದು, ಪಡುಗಲ್ಲು. ಅದರ ಮೇಲೆ ನಿಂತ್ರೆ ಸೂರ್ಯ ಮುಳುಗೋವಾಗ ನಮ್ಮ ಕಾಲಬುಡದಲ್ಲೇ ನೀರಿಗೆ ಇಳಿದ ಹಾಗೆ ಕಾಣ್ತಿತ್ತಂತೆ. ಆದ್ರೆ ದ್ವೀಪದವರಿಗೆ ಅವು ಬರೀ ನೋಡೋ ಜಾಗ ಅಲ್ಲ ಮಗಾ. ಬುಗ್ಗೆಯಲ್ಲಿ ಕುಡಿಯೋ ನೀರು, ದಂಡೆಯಲ್ಲಿ ಮೀನು ಒಣಗಿಸೋದು, ಬಲೆ ಹರಡೋದು. ಪಡುಗಲ್ಲಿನ ಮೇಲೆ ಒಂದು ಉದ್ದನೆ ಬಿದಿರು ಕೋಲು, ಅದರ ತುದೀಲಿ ಬಿಳಿ ಬಟ್ಟೆ. ನೀರೊಳಗೆಲ್ಲಾ ಬಂಡೆ, ಅವುಗಳ ನಡುವೆ ಒಂದೇ ಒಂದು ದೋಣಿ ನುಗ್ಗೋ ಸಂದು. ಕೋಲಿಗೆ ನೇರವಾಗಿ ಮೂತಿ ಇಟ್ಕೊಂಡು ಬಂದ್ರೆ ದೋಣಿ ದಡಕ್ಕೆ, ತಪ್ಪಿದ್ರೆ ಬಂಡೆಗೆ.

ಹೀಗಿರೋವಾಗ ಆ ಸೀಮೆಯ ಅರಸನ ಭಾವಮೈದ ಕೆಂಚರಸ ಅನ್ನೋನು ಬಂದ್ನಂತೆ. ನೋಡಿದ, ಬಾಯಿ ಬಿಟ್ಟ. ಆಹಾ, ದೇಶದೇಶದ ಅತಿಥಿಗಳನ್ನ ಕರ್ಕೊಂಡು ಬಂದು ತೋರಿಸ್ಬೇಕು ಅಂದ್ನಂತೆ. ತೋರಿಸ್ಲಿ, ಯಾರು ಬೇಡ ಅಂದ್ರು? ಬಂದೋರಿಗೆ ಮಂಕಾಳಿ ತಾನೇ ಬೆಲ್ಲ ನೀರು ಕೊಟ್ಟು ಕೂರಿಸ್ತಿದ್ಳು. ಆದ್ರೆ ಅವನಿಗೆ ಜಾಗ ಬೇಕು, ಜಾಗದ ಜನ ಬೇಡ. ಬುಗ್ಗೆಗೆ ಬೇಲಿ ಹಾಕಿಸ್ದ, ದಂಡೆಗೆ ಕಾವಲಿಟ್ಟ, ಪಡುಗಲ್ಲಿಗೆ ಇಬ್ಬರು ಭಟರನ್ನ ನಿಲ್ಲಿಸ್ದ. ಹೆಂಗಸರು ದೋಣೀಲಿ ಆಚೆ ದಡಕ್ಕೆ ಹೋಗಿ ನೀರು ತರೋ ಹಾಗಾಯ್ತಂತೆ, ಮನೆ ಹಿಂದೇನೇ ಬುಗ್ಗೆ ಉಕ್ಕೋವಾಗ! ನನಗೆ ಈಗ ಹೇಳೋವಾಗ್ಲೂ ಮೈ ಉರಿಯುತ್ತೆ ನೋಡು.

ಆಮೇಲೆ ದೊಡ್ಡವಳು ಬಾಗಿ ಕೆಂಚರಸನ ಹತ್ರ ಹೋಗಿ, ಸ್ವಾಮೀ, ನಮ್ಮ ನೀರು ನಮಗೆ ಬಿಡಿ ಅಂತ ಕೇಳಿದ್ಳಂತೆ. ಅವನು ಅವಳನ್ನ ಮೇಲಿಂದ ಕೆಳಗೆ ನೋಡಿ ನಕ್ಕು, ಬಾರಮ್ಮ, ಅದಕ್ಕೇನು, ಕೆಂಪು ಸೀರೆ ಕೊಡಿಸ್ತೀನಿ, ಹಿತ್ತಾಳೆ ಕೊಡ ಕೊಡಿಸ್ತೀನಿ, ಸೊಂಟದ ಮೇಲಿಟ್ಕೊಂಡು ಬುಗ್ಗೆ ಪಕ್ಕ ನಿಂತ್ಕೋ, ಅತಿಥಿಗಳಿಗೆ ನೋಡೋಕೆ ಚೆಂದ, ಆದ್ರೆ ನೀರು ಮಾತ್ರ ಮುಟ್ಬೇಡ ಅಂದ್ನಂತೆ. ಥೂ ಅವನ!

ಆಮೇಲೆ ನಡುವಿನವಳು ಸುಬ್ಬಿ ಹೋಗಿ, ಮೀನು ಒಣಗಿಸೋಕಾದ್ರೂ ದಂಡೆ ಬಿಡಿ, ಮಳೆಗಾಲಕ್ಕೆ ಏನು ತಿನ್ನೋಣ ಅಂದ್ಳಂತೆ. ಅವನು ಮೂಗು ಮುಚ್ಕೊಂಡು, ಮೀನು ನಾರುತ್ತೆ, ಬೇಡ, ಬೇಕಾದ್ರೆ ಹೊಸ ಬಲೆ ಹರಡ್ಕೊಂಡು ಕೂತು ಹೆಣೀತಾ ಇರು ಅಂದ. ಅವಳು, ಹರಿಯದ ಬಲೇಲಿ ಹೆಣಿಯೋದೇನು ಅಂತ ಕೇಳಿದ್ಳು. ಹೆಣಿಯೋ ಹಾಗೆ ಕೈ ಆಡಿಸಿದ್ರೆ ಸಾಕು ಅಂದ್ನಂತೆ. ಅಂದ್ರೆ ಮೂವತ್ತು ಮನೆಯ ಬದುಕು ಅವನಿಗೆ ಗೊಂಬೆಯಾಟ!

ಅಷ್ಟಕ್ಕೇ ನಿಲ್ಲಲಿಲ್ಲ ಅವನು. ಒಬ್ಬ ಅತಿಥಿ, ಸೂರ್ಯ ಮುಳುಗೋವಾಗ ಆ ಬಿದಿರು ಕೋಲು ಅಡ್ಡ ಬರುತ್ತೆ ಅಂದ್ನಂತೆ. ಕೆಂಚರಸ ಮಾರನೇ ಬೆಳಗ್ಗೇನೇ ಕೋಲು ಕೀಳಿಸ್ಬಿಟ್ಟ. ಕಿರಿಯವಳು ಹೂವಿ ಓಡಿ ಹೋಗಿ, ಅಯ್ಯಾ, ನಿಮ್ಮ ಕಾಲಿಗೆ ಬೀಳ್ತೀನಿ, ಅದು ದೋಣಿಗಳ ಕಣ್ಣು ಅಂದ್ರೆ, ಅಂದಗೆಡಿಸುತ್ತೆ, ನಡಿ ಅಂದ್ನಂತೆ. ಅಂದಗೆಡಿಸುತ್ತಂತೆ! ಕೇಳಿದ್ಯಾ ಮಾತನ್ನ?

ಮೂರು ದಿನ ಕಳೀತು. ಮಧ್ಯಾಹ್ನ ಊಟದ ಹೊತ್ತಿಗೆ ಪಡುವಣದಿಂದ ಕರಿಮೋಡ ಎದ್ದು, ಗಾಳಿ ಹೊಡೆದು, ಕಡಲೂ ಆಕಾಶವೂ ಒಂದೇ ಬಣ್ಣ ಆಯ್ತಂತೆ. ಜಟ್ಟಿಯೂ ಈರನೂ ದೋಣೀಲಿ ವಾಪಸ್ ಬರ್ತಿದ್ರು. ಕೋಲು ಹುಡುಕಿದ್ರು, ಕಾಣಲಿಲ್ಲ. ಸಂದು ಇಲ್ಲೇ ಇರ್ಬೇಕು ಅಂತ ನುಗ್ಗಿದ್ರು, ಬಂಡೆಗೆ ಬಡೀತು, ದೋಣಿ ಚೂರುಚೂರು. ಜಟ್ಟಿಯನ್ನ ಅಲೆ ತಂದು ದಡಕ್ಕೆ ಎಸೀತು, ಕಾಲು ಮುರಿದಿತ್ತು. ಈರ ಬರಲಿಲ್ಲ.

ಇಲ್ಲ ಮಗಾ. ಬರಲೇ ಇಲ್ಲ.

ಮಂಕಾಳಿ ಮೂರು ದಿನ ದಂಡೆಯಲ್ಲಿ ಕೂತು ಕಾದ್ಳಂತೆ. ನಾಲ್ಕನೇ ದಿನ ಕಾವಲಿನವನು ಬಂದು, ಏಳಮ್ಮ, ಅರಸ ರಾಣಿ ದ್ವೀಪ ನೋಡೋಕೆ ಬರ್ತಿದ್ದಾರೆ, ಅತ್ತ ಮುಖ ಚೆನ್ನಾಗಿ ಕಾಣಲ್ಲ ಅಂದ್ನಂತೆ. ಅವಳು ಎದ್ದು, ಅವನ ಮುಖ ನೋಡಿ, ಮನೆಗೆ ನಡೆದ್ಳಂತೆ.

ಅರಸ ಬಂದ, ರಾಣಿ ಬಂದ್ಳು. ಬುಗ್ಗೆ ನೋಡಿದ್ರು, ದಂಡೆ ನೋಡಿದ್ರು. ಪಡುಗಲ್ಲನ್ನ ನೀರಿನ ಮೇಲಿಂದ ನೋಡಿದ್ರೆ ಇನ್ನೂ ಚೆಂದ ಅಂತ ಕೆಂಚರಸ ಅವರನ್ನ ಹೂ ಕಟ್ಟಿದ ದೋಣೀಲಿ ಕೂರಿಸ್ಕೊಂಡು ಹೊರಟ್ನಂತೆ. ಹುಟ್ಟು ಹಾಕೋರು ಪೇಟೆ ಕಡೆಯೋರು, ಅವರಿಗೆ ಇಲ್ಲಿನ ನೀರು ಗೊತ್ತಿಲ್ಲ. ದ್ವೀಪದವರ ಬಟ್ಟೆ ಕೊಳೆ ಅಂತ ಅವರನ್ನ ಕರೆದಿರಲಿಲ್ಲ. ಆಮೇಲೆ ಏನಾಯ್ತು ಅಂತೀಯಾ? ಮತ್ತೆ ಅದೇ ಮೋಡ, ಅದೇ ಗಾಳಿ. ದೋಣಿ ಬುಗುರಿ ಹಾಗೆ ತಿರುಗೋಕೆ ಶುರುವಾಯ್ತು. ರಾಣಿ ಕಿರುಚೋದು ದಡಕ್ಕೆ ಕೇಳ್ತಿತ್ತಂತೆ.

ಹೂವಿ ಕಿತ್ತು ಎಸೆದಿದ್ದ ಆ ಬಿದಿರು ಕೋಲನ್ನ ಹುಡುಕಿ ಎತ್ಕೊಂಡ್ಳು. ಬಾಗಿ ಅವಳ ಕೈ ಹಿಡಿದು, ಬಿಡೇ, ಮುಳುಗ್ಲಿ, ಚಿಕ್ಕಪ್ಪ ಮುಳುಗೋವಾಗ ಇವರು ಎಲ್ಲಿದ್ರು ಅಂದ್ಳಂತೆ. ಹೂವಿ, ನನಗೂ ಹಾಗೇ ಅನ್ಸುತ್ತೆ ಅಕ್ಕಾ, ಹೊಟ್ಟೇಲಿ ಬೆಂಕಿ ಬಿದ್ದಿದೆ, ಆದ್ರೆ ಹುಟ್ಟು ಹಾಕ್ತಿರೋರೂ ಯಾರದೋ ಮನೆ ಚಿಕ್ಕಪ್ಪಂದಿರಲ್ವಾ ಅಂದ್ಳು. ಬಾಗಿ ಕೈ ಬಿಟ್ಳು. ಬಿಟ್ಟಿದ್ದಷ್ಟೇ ಅಲ್ಲ, ತನ್ನ ಸೆರಗಿನಿಂದ ಬಿಳಿ ತುಂಡು ಹರಿದು ಕೊಟ್ಳಂತೆ.

ಪಡುಗಲ್ಲಿನ ಕೆಳಗೆ ಭಟರು ಅಡ್ಡ ನಿಂತ್ರು. ಇಲ್ಲಿಗೆ ನೀವು ಬರೋ ಹಾಗಿಲ್ಲ ಅಂದ್ರು. ಹೂವಿ, ನಿಮ್ಮ ಅರಸ ಸಾಯ್ತಿದ್ದಾನೆ, ಅಪ್ಪಣೆ ಅವನ ಹತ್ರ ಕೇಳ್ಕೊಂಡು ಬರ್ಲಾ ಅಂದ್ಳಂತೆ. ಭಟರು ಪಕ್ಕಕ್ಕೆ ಸರಿದ್ರು. ಮೂವರು ಅಕ್ಕತಂಗಿಯರೂ ಮೇಲೆ ಹತ್ತಿ, ನೆಡೋಕೆ ಹೊತ್ತಿಲ್ಲ ಅಂತ ಕೋಲನ್ನ ತಬ್ಬಿ ಹಿಡ್ಕೊಂಡ್ರು. ಗಾಳಿಗೆ ಅಂಗೈ ಸಿಪ್ಪೆ ಸುಲೀತಂತೆ. ಬಿಡಲಿಲ್ಲ. ದಡದಲ್ಲಿ ಹೆಂಗಸರೆಲ್ಲಾ ಸೇರಿ, ಕೋಲಿಗೆ ನೇರ, ಕೋಲಿಗೆ ನೇರ ಅಂತ ಕೂಗಿದ್ರಂತೆ. ಹುಟ್ಟು ಹಾಕೋರಿಗೆ ಗೊತ್ತಾಯ್ತು, ದೋಣಿ ತಿರುಗಿಸಿದ್ರು, ಸಂದಿನೊಳಗೆ ತೂರಿ ದಡಕ್ಕೆ ಬಂದ್ರು.

ಅರಸ ನಡುಗ್ತಾ ಇಳಿದು, ಮಗಳೇ, ಜೀವ ಉಳಿಸಿದೆ, ಏನು ಬಹುಮಾನ ಬೇಕು ಕೇಳು, ಬುಗ್ಗೆ ಬೇಕಾ, ದಂಡೆ ಬೇಕಾ, ಈ ಪಡುಗಲ್ಲು ಬೇಕಾ, ಕೊಟ್ಟೆ ಅಂದ್ನಂತೆ. ಆಗ ಹೂವಿಗೆ ಬಂತು ನೋಡು ಸಿಟ್ಟು! ನಮ್ಮದನ್ನೇ ನಮಗೆ ಬಹುಮಾನ ಕೊಡ್ತೀರಾ ಸ್ವಾಮೀ, ಕಿತ್ಕೊಂಡಿದ್ದನ್ನ ವಾಪಸ್ ಕೊಡೋದಕ್ಕೆ ದಾನ ಅಂತಾರಾ ನಿಮ್ಮ ಊರಲ್ಲಿ, ಈ ಕೋಲು ನಿಮ್ಮ ಅತಿಥಿಯ ಕಣ್ಣಿಗೆ ಅಡ್ಡ ಬಂತಂತ ಕಿತ್ತಿದ್ರು, ನಮ್ಮ ಚಿಕ್ಕಪ್ಪ ಸತ್ತ, ಅವನನ್ನ ಕೊಡಿ, ಅದು ಬಹುಮಾನ ಅಂದ್ಳಂತೆ.

ಅರಸ ಕೆಂಚರಸನ ಕಡೆ ತಿರುಗಿ, ಇದು ನಿಜಾನಾ ಅಂತ ಕೇಳಿದ. ಕೆಂಚರಸ, ಒಂದು ಬಿದಿರು ಕೋಲಿಗೆ ಇಷ್ಟೆಲ್ಲಾ ಅಂತ ಶುರು ಮಾಡ್ದ. ರಾಣಿಯೇ ಎದ್ದು, ಬಾಯಿ ಮುಚ್ಚೋ, ನಾನೀಗ ಬದುಕಿರೋದು ಆ ಕೋಲಿನಿಂದ ಅಂದ್ಳಂತೆ. ಸ್ವಂತ ಅಕ್ಕನೇ ಹಾಗಂದ ಮೇಲೆ ಅವನಿಗೆ ಇನ್ನೆಲ್ಲಿ ಜಾಗ?

ಆಮೇಲೆ ಅರಸ ಮಂಕಾಳಿಯ ಮನೆ ಬಾಗಿಲಿಗೆ ತಾನೇ ನಡೆದು ಹೋಗಿ, ತಲೆ ತಗ್ಗಿಸಿ, ಹೋದ ಜೀವ ತರೋ ಶಕ್ತಿ ನನಗಿಲ್ಲ ತಾಯಿ, ತಪ್ಪು ನನ್ನದೂ ಹೌದು ಅಂದ್ನಂತೆ. ಅವಳು, ಒಳಗೆ ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಬಾಗಿಲಲ್ಲೇ ನಿಂತು ಕೇಳಿಸ್ಕೊಂಡ್ಳು. ಆ ದಿನವೇ ಬೇಲಿ ಕಿತ್ರು, ಕಾವಲು ತೆಗೆದ್ರು. ಕೆಂಚರಸನ ಅಧಿಕಾರ ಹೋಯ್ತು, ಮೂರು ಮಳೆಗಾಲ ಪಡುಗಲ್ಲು ಕಾಯೋ ಶಿಕ್ಷೆ ಆಯ್ತು. ಗಾಳಿಗೆ ಕೋಲು ಬಿದ್ದಾಗೆಲ್ಲಾ ಅವನೇ ಹತ್ತಿ ನೆಡ್ಬೇಕು, ಮುಖಕ್ಕೆ ಮಳೆ ರಪರಪ ಹೊಡೀಬೇಕು. ಹೊಡೀಲಿ, ಚೆನ್ನಾಗಿ ಹೊಡೀಲಿ!

ದ್ವೀಪ ನೋಡೋಕೆ ಜನ ಬರೋದು ನಿಂತ್ಹೋಯ್ತಾ ಅಂತೀಯಾ? ಇಲ್ಲ, ಬರ್ತಾನೇ ಇದ್ರು. ಆದ್ರೆ ಈಗ ಅವರನ್ನ ಕರ್ಕೊಂಡು ಬರೋದು ದ್ವೀಪದ ದೋಣಿ, ಹೂವಿಯೇ ಚುಕ್ಕಾಣಿ ಹಿಡೀತಿದ್ಳು. ಬಾಗಿ ಗಂಡನ ಮನೆ ಸೇರಿದ್ಳು, ಸುಬ್ಬಿ ಅಪ್ಪನಿಗೆ ಹೊಸ ದೋಣಿ ಕಟ್ಟಿಸಿದ್ಳು. ಒಂದು ಬೇಸಿಗೇಲಿ ಘಟ್ಟದ ಮೇಲಿನ ಮುದುಕ ಮುದುಕಿ ಬಂದು, ತಾಯೀ, ನಿಮ್ಮ ಊರು ನೋಡ್ಬಹುದಾ ಅಂತ ಕೇಳಿದ್ರಂತೆ. ಈರ ಹೋದ ಮೇಲೆ ಮಂಕಾಳಿ ಮೊದಲ ಸಲ ನಕ್ಳಂತೆ. ಕೇಳಿದ್ರಲ್ಲ, ಬನ್ನಿ ಅಂತ ಒಳಗೆ ಕರೆದು, ಬಿಸಿ ಗಂಜಿ ಬಡಿಸಿ, ಎಂಟು ದಿನ ಇರಿಸ್ಕೊಂಡ್ಳಂತೆ.

ಅವರೆಲ್ಲಾ ಅಲ್ಲಿ ಚೆನ್ನಾಗಿದ್ರು, ನಾವಿಲ್ಲಿ ಹೀಗಿದ್ದೀವಿ. ಕತೆ ದಡ ಮುಟ್ಟಿ ಮುಗೀತು. ಕಣ್ಮುಚ್ಚು.